ಇಟಲಿಯ ಅತಿಥಿಗಳು: ಅವರ ಊಟ, ಅವರ ರೀತಿ, ನಾವು ಕಲಿತ ಪಾಠ



ಮಿಹಾನ್ ಎಂಬ ಹೆಸರನ್ನು ನಮ್ಮ ಪತ್ರಿಕೆಯ ಓದುಗರಲ್ಲಿ ಕೆಲವರು ಕೇಳಿರಲಾರರು. ನಾಗಪುರ ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡು, ವಾರ್ಧಾ ರಸ್ತೆಯ ಬದಿಗೆ, ಖಾಪ್ರಿಯ ಸುತ್ತ ಹಬ್ಬಿರುವ ದೊಡ್ಡ ಕೈಗಾರಿಕಾ ಪ್ರದೇಶ ಅದು. ಇಲ್ಲಿ 2015ರಲ್ಲಿ ಏರ್ ಇಂಡಿಯಾದ ವಿಮಾನ ದುರಸ್ತಿ ಘಟಕ ಆರಂಭವಾಯಿತು. ಫ್ರಾನ್ಸಿನ ದಸಾಲ್ಟ್ ಕಂಪನಿ ಪಾಲುದಾರನಾಗಿರುವ ಕಾರ್ಖಾನೆಗೆ 2017ರಲ್ಲಿ ಅಡಿಗಲ್ಲು ಬಿತ್ತು. 2022ರ ಡಿಸೆಂಬರಿನಲ್ಲಿ ಏಮ್ಸ್ ಆಸ್ಪತ್ರೆಯ ಉದ್ಘಾಟನೆ ಆಯಿತು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳೂ ಇವೆ. ಹೀಗಾಗಿ ಹೊರದೇಶದ ಎಂಜಿನಿಯರುಗಳು ಬಂದು ತಿಂಗಳುಗಟ್ಟಲೆ ಇದ್ದು ಹೋಗುವುದು ಇಲ್ಲಿ ವಿಶೇಷವೇನಲ್ಲ.

ನಮ್ಮದು ಇದೇ ರಸ್ತೆಯಲ್ಲಿರುವ ಶುದ್ಧ ಸಸ್ಯಾಹಾರಿ ಉಡುಪಿ ಹೋಟೆಲು. ಕುಂದಾಪುರದ ಕಡೆಯವರಾದ ನಾವು ಎಸ್ಸೆಸ್ಸೆಲ್ಸಿ ಮುಗಿಸಿ ನೆಂಟರ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ಕೆಲಸ ಕಲಿತವರು. ದೇಶ ಸುತ್ತಿದವರಲ್ಲ. ಆದರೂ ಇಟಲಿಯ ಬಗ್ಗೆ ಬರೆಯಲು ಹೊರಟಿದ್ದೇವೆ. ಕಾರಣ, ಇಟಲಿಯವರ ರೀತಿ ತಿಳಿಯದೆ ಒಂದು ಒಳ್ಳೆಯ ಆರ್ಡರನ್ನು ಕೈಬಿಡುವ ಸ್ಥಿತಿಗೆ ಬಂದಿದ್ದೆವು. ಆ ನಷ್ಟ ಬೇರೆ ಸದಸ್ಯರಿಗೆ ಆಗದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಮೊದಲ ವಾರದ ಕಥೆ

2023ರ ಮಾರ್ಚ್ ಆರಂಭದಲ್ಲಿ ಇಲ್ಲಿನ ಒಂದು ಕಂಪನಿಗೆ ಪ್ಯಾಕಿಂಗ್ ಯಂತ್ರ ಕೂರಿಸಲು ಮೂವರು ಇಟಲಿಯವರು ಬಂದರು. ಮೂರು ತಿಂಗಳು ಅವರ ಮಧ್ಯಾಹ್ನ ಮತ್ತು ರಾತ್ರಿಯ ಊಟದ ಜವಾಬ್ದಾರಿ ನಮಗೆ ಬಂತು. ಮೂವರ ಊಟದಿಂದ ಏನು ಲಾಭ ಎನ್ನಬೇಡಿ. ಅದೇ ಕಂಪನಿಯ ನಲವತ್ತು ಸಿಬ್ಬಂದಿಯ ಮಧ್ಯಾಹ್ನದ ಊಟವೂ ನಮ್ಮದೇ. ಒಂದು ಹೋದರೆ ಇನ್ನೊಂದೂ ಹೋಗುತ್ತದೆ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ.

ಇಟಲಿಯವರಲ್ಲವೇ, ಪಾಸ್ತಾ ಕೊಡೋಣ ಎಂದುಕೊಂಡೆವು. ನಮ್ಮ ಭಟ್ಟರು ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ‘ಯಜಮಾನ್ರೇ, ನನಗೆ ಇದು ಬರುವುದಿಲ್ಲ’ ಎಂದು ಮೊದಲೇ ಹೇಳಿದರು. ನಾವು ಕೇಳಲಿಲ್ಲ. ಪಾಸ್ತಾ ಮೆತ್ತಗಾಗುವ ತನಕ ಬೇಯಿಸಿ, ಕ್ಯಾಪ್ಸಿಕಂ, ಈರುಳ್ಳಿ, ಟೊಮೆಟೊ ಸಾಸ್ ಹಾಕಿ, ಮೇಲೆ ಚೀಸ್ ತುರಿದು ಕೊಟ್ಟೆವು. ಅದೇ ತಟ್ಟೆಯಲ್ಲಿ ಅನ್ನ, ಪನ್ನೀರ್ ಪಲ್ಯ, ಹಪ್ಪಳ, ಸಿಹಿ ಎಲ್ಲವೂ. ಊಟ ಮುಗಿಯುವ ಮುನ್ನವೇ ಹಾಲು ಹಾಕಿದ ಕಾಫಿ. ರಾತ್ರಿ ಏಳಕ್ಕೇ ಟೇಬಲ್ ಸಿದ್ಧ. ತಟ್ಟೆ ಖಾಲಿಯಾಗುತ್ತಿದ್ದಂತೆ ಕ್ಲೀನರ್ ಹುಡುಗ ಬಂದು ಎತ್ತಿ, ಟೇಬಲ್ ಒರೆಸಿ, ಬಿಲ್ಲಿನ ತಟ್ಟೆ ಇಟ್ಟುಬಿಡುತ್ತಿದ್ದ. ಚುರುಕಿನ ಸೇವೆ ಎಂದು ನಾವು ಹೆಮ್ಮೆಪಟ್ಟದ್ದು ಅವರಿಗೆ ‘ಎದ್ದು ಹೋಗಿ’ ಎಂದ ಹಾಗೆ ಕೇಳಿಸಿತ್ತು.

ಆರನೇ ದಿನ ಕಂಪನಿಯಿಂದ ಫೋನ್ ಬಂತು. ಅತಿಥಿಗಳು ಸರಿಯಾಗಿ ಊಟ ಮಾಡುತ್ತಿಲ್ಲ, ಮುಂದಿನ ವಾರದಿಂದ ಬೇರೆ ವ್ಯವಸ್ಥೆ ನೋಡುತ್ತೇವೆ ಎಂದರು. ಸಿಟ್ಟಿನಲ್ಲಿ ನಾವು ಭಟ್ಟರಿಗೆ ಎಲ್ಲರೆದುರು ಬೈದೆವು. ಅವರು ಮಾತನಾಡದೆ ಏಪ್ರನ್ ಮಡಿಸಿಟ್ಟು ಕೋಣೆಗೆ ಹೋದರು. ಬಾರದ ಅಡುಗೆಯನ್ನು ಬಲವಂತದಿಂದ ಮಾಡಿಸಿದ್ದು ನಾವು, ತಪ್ಪು ಅವರದ್ದಲ್ಲ. ಅದನ್ನು ಒಪ್ಪಿಕೊಳ್ಳಲು ನಮಗೆ ಒಂದು ರಾತ್ರಿ ಬೇಕಾಯಿತು.

ಮರುದಿನ ಮೂವರಲ್ಲಿ ಹಿರಿಯರಾದವರ ಬಳಿ ಕೂತು, ನಮ್ಮ ಹರುಕು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದೆವು: ‘ಸ್ವಾಮಿ, ನಿಮ್ಮಲ್ಲಿ ಊಟ ಹೇಗೆ?’ ಅವರು ನಕ್ಕು ಒಂದು ಕಾಗದ ತೆಗೆದುಕೊಂಡು ದೇಶದ ನಕ್ಷೆ ಬರೆದರು. ಅಂದಿನಿಂದ ಮೂರು ತಿಂಗಳು ಅವರಿಂದ ಕೇಳಿ ತಿಳಿದದ್ದನ್ನೂ, ಆಮೇಲೆ ನಾವು ವಿಚಾರಿಸಿ ತಿಳಿದದ್ದನ್ನೂ ಇಲ್ಲಿ ಹೇಳುತ್ತೇವೆ.

ದೇಶ ಒಂದು, ಅಡುಗೆಮನೆ ಇಪ್ಪತ್ತು

ಇಟಲಿ ಒಂದು ದೇಶವಾದದ್ದು 1861ರಲ್ಲಿ. ಅದಕ್ಕೂ ಮೊದಲು ಬೇರೆ ಬೇರೆ ಸಂಸ್ಥಾನಗಳಾಗಿತ್ತು. ರಾಜರ ಆಳ್ವಿಕೆ ಬೇಡವೆಂದು ಜನಮತದಿಂದ ಗಣರಾಜ್ಯವಾದದ್ದು 1946ರ ಜೂನ್ 2ರಂದು. ಇಂದು 20 ಪ್ರಾಂತ್ಯಗಳಿವೆ, ಜನಸಂಖ್ಯೆ ಆರು ಕೋಟಿಗೆ ಸ್ವಲ್ಪ ಕಡಿಮೆ. ಅಂದರೆ ನಮ್ಮ ಕರ್ನಾಟಕಕ್ಕಿಂತ ಕಡಿಮೆ. ಆದರೆ ಊರೂರಿಗೆ ಅಡುಗೆ ಬೇರೆ. ನಮ್ಮಲ್ಲಿ ಕರಾವಳಿಯವರಿಗೆ ಕುಚ್ಚಲಕ್ಕಿ, ಹುಬ್ಬಳ್ಳಿಯವರಿಗೆ ಜೋಳದ ರೊಟ್ಟಿ, ಮಂಡ್ಯದವರಿಗೆ ಮುದ್ದೆ ಇದ್ದ ಹಾಗೆ.

ನಮ್ಮ ಮೂವರು ಅತಿಥಿಗಳೇ ಇದಕ್ಕೆ ಸಾಕ್ಷಿ. ಹಿರಿಯರು ಬೊಲೊನ್ಯಾ ಕಡೆಯವರು. ಪ್ಯಾಕಿಂಗ್ ಯಂತ್ರಗಳಿಗೆ ಹೆಸರಾದ ಆ ಸೀಮೆಯಲ್ಲಿ ಮೊಟ್ಟೆ ಹಾಕಿ ಕಲಸಿದ ತಾಜಾ ಪಾಸ್ತಾ ಮನೆಮನೆಯ ಅಡುಗೆ. ಎರಡನೆಯವರು ಉತ್ತರದ ವೆರ್ಚೆಲ್ಲಿಯವರು. ಅಲ್ಲಿ ಗದ್ದೆ ಬಯಲು. ಯುರೋಪಿನಲ್ಲಿ ಅತಿ ಹೆಚ್ಚು ಅಕ್ಕಿ ಬೆಳೆಯುವ ದೇಶ ಇಟಲಿಯೇ. ಅವರಿಗೆ ಅನ್ನವನ್ನು ಮೆಲ್ಲಗೆ ಬೇಯಿಸಿ ಮಾಡುವ ರಿಸೊತ್ತೊ ಇಷ್ಟ. ಮೂರನೆಯ ಹುಡುಗ ದಕ್ಷಿಣದ ನಾಪೊಲಿಯವನು, ಅಂದರೆ ಪಿಜ್ಜಾದ ತವರಿನವನು. ಒಬ್ಬರ ಊರಿನ ತಿಂಡಿ ಇನ್ನೊಬ್ಬರಿಗೆ ಅಪರೂಪ. ‘ಇಟಾಲಿಯನ್ ಫುಡ್’ ಎಂದು ಬೋರ್ಡ್ ಬರೆದ ಮಾತ್ರಕ್ಕೆ ಮೂವರಿಗೂ ಸಂತೋಷವಾಗುವುದಿಲ್ಲ. ದೆಹಲಿಯಲ್ಲಿ ‘ಸೌತ್ ಇಂಡಿಯನ್’ ಎಂದು ಸಿಹಿ ಸಾಂಬಾರ್ ಕೊಟ್ಟರೆ ನಮಗೆ ಹೇಗಾಗುತ್ತದೆ ಎಂದು ಯೋಚಿಸಿದರೆ ಸಾಕು.

ಇಲ್ಲಿ ಒಂದು ಹೆಮ್ಮೆಯ ಸಂಗತಿ. 2025ರ ಡಿಸೆಂಬರ್ 10ರಂದು ದೆಹಲಿಯ ಕೆಂಪುಕೋಟೆಯಲ್ಲಿ ಸೇರಿದ್ದ ಯುನೆಸ್ಕೋ ಸಮಿತಿ ನಮ್ಮ ದೀಪಾವಳಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ದಿನ, ಅದೇ ಸಭೆಯಲ್ಲಿ ಇಟಲಿಯ ಅಡುಗೆಯನ್ನೂ ಸೇರಿಸಿತು. ನಾಪೊಲಿಯ ಪಿಜ್ಜಾ ತಟ್ಟುವವರ ಕಲೆ 2017ರಲ್ಲೇ ಆ ಪಟ್ಟಿ ಸೇರಿತ್ತು. ಅಡುಗೆಯವರ ಕೈಗುಣಕ್ಕೆ ಅಂಥ ಗೌರವ ಕೊಡುವ ಜನ ಅವರು.

ಅವರ ದಿನ ಹೀಗಿರುತ್ತದೆ

ಬೆಳಗಿನ ತಿಂಡಿ ಬಹಳ ಸಣ್ಣದು. ಒಂದು ಕಾಪುಚಿನೊ ಅಥವಾ ಹಾಲು ಕಾಫಿ, ಜೊತೆಗೆ ಕೊರ್ನೆತ್ತೊ ಎಂಬ ಸಿಹಿ ಬನ್ನು ಅಥವಾ ಬಿಸ್ಕತ್ತು. ಬೆಳಿಗ್ಗೆ ಸಿಹಿ ತಿನ್ನುವುದೇ ಅವರ ರೂಢಿ. ಖಾರದ ತಿಂಡಿ ಎದುರಿಗಿಟ್ಟರೆ ಮೊದಮೊದಲು ಹಿಂಜರಿಯುತ್ತಾರೆ. ಬನ್ಸ್, ಶೀರಾ, ಬಾಳೆಹಣ್ಣು ಕೊಟ್ಟು ನೋಡಿ.

ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆಯೊಳಗೆ. ಅದಾದ ಮೇಲೆ ಅಲ್ಲಿನ ಬಹುತೇಕ ಊಟದ ಹೋಟೆಲುಗಳ ಅಡುಗೆಮನೆ ಮುಚ್ಚಿ, ಸಂಜೆ ಏಳರ ಹೊತ್ತಿಗೆ ಮತ್ತೆ ತೆರೆಯುತ್ತದೆ. ಸಣ್ಣ ಊರುಗಳಲ್ಲಿ ಅಂಗಡಿಗಳೂ ಮಧ್ಯಾಹ್ನ ಬಾಗಿಲು ಹಾಕುತ್ತವೆ. ನಾಗಪುರದ ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನ ಬೀದಿ ಖಾಲಿಯಾಗುವುದನ್ನು ನೋಡಿ ಆ ಹಿರಿಯರು ‘ಇದು ನಮ್ಮ ದಕ್ಷಿಣದ ಹಾಗೆಯೇ ಇದೆ’ ಎಂದಿದ್ದರು. ಸಂಜೆ ಮನೆಯವರೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಊರ ಚೌಕದಲ್ಲಿ ಸುಮ್ಮನೆ ಅಡ್ಡಾಡುವ ಪದ್ಧತಿ ಇದೆ. ಅದಕ್ಕೆ ಪಾಸ್ಸೆಜ್ಜಾತಾ ಎನ್ನುತ್ತಾರೆ. ರಾತ್ರಿಯ ಊಟ ಎಂಟರ ಮೇಲೆ, ದಕ್ಷಿಣದಲ್ಲಿ ಒಂಬತ್ತೂ ಆಗುತ್ತದೆ. ನಾವು ಏಳಕ್ಕೆ ಬಡಿಸಿದ್ದು ಅವರಿಗೆ ಸಂಜೆಯ ತಿಂಡಿ ಹೊತ್ತಿಗೆ ಊಟ ಬಡಿಸಿದ ಹಾಗಾಗಿತ್ತು.

ಭಾನುವಾರ ಮಧ್ಯಾಹ್ನದ ಊಟ ಮನೆಮಂದಿಗೆಲ್ಲ ದೊಡ್ಡದು. ಅಜ್ಜಿ, ಮೊಮ್ಮಕ್ಕಳು ಸೇರಿ ಎರಡು ಮೂರು ಗಂಟೆ ಕೂರುತ್ತಾರೆ. ಹಾಗಾಗಿ ಪರದೇಶದಲ್ಲಿರುವ ಇಟಲಿಯವನಿಗೆ ಭಾನುವಾರವೇ ಮನೆ ನೆನಪಾಗುವ ದಿನ. ನಾವು ಅಂದು ಅವರ ಟೇಬಲ್ಲನ್ನು ಸಂಜೆ ತನಕ ಬೇರೆಯವರಿಗೆ ಕೊಡುತ್ತಿರಲಿಲ್ಲ.

ಒಂದಾದ ಮೇಲೊಂದು ಬಡಿಸುವ ಕ್ರಮ

ಇದು ಮುಖ್ಯ. ನಾವು ಥಾಲಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಇಡುತ್ತೇವೆ. ಅವರಲ್ಲಿ ಒಂದು ಮುಗಿದ ಮೇಲೆ ಇನ್ನೊಂದು. ಮೊದಲು ಆಂತಿಪಾಸ್ತೊ, ಅಂದರೆ ಬಾಯಿ ರುಚಿಗೆ ಸ್ವಲ್ಪ. ನಂತರ ಪ್ರೀಮೊ, ಪಾಸ್ತಾ, ರಿಸೊತ್ತೊ ಅಥವಾ ಸೂಪು. ಆಮೇಲೆ ಸೆಕೊಂದೊ, ಮಾಂಸ, ಮೀನು ಅಥವಾ ಮೊಟ್ಟೆಯದು. ಅದರ ಜೊತೆ ಕೊಂತೋರ್ನೊ ಎಂಬ ತರಕಾರಿ. ಕೊನೆಗೆ ಹಣ್ಣು ಅಥವಾ ಸಿಹಿ, ಅದೂ ಮುಗಿದ ಮೇಲೆ ಸಣ್ಣ ಲೋಟದಲ್ಲಿ ಕಾಫಿ. ದಿನಾ ಇಷ್ಟೂ ತಿನ್ನುವುದಿಲ್ಲ. ಎರಡು ಮಾತ್ರ ಇರಬಹುದು. ಆದರೆ ಕ್ರಮ ತಪ್ಪುವುದಿಲ್ಲ. ಬ್ರೆಡ್ಡು ಮೊದಲಿನಿಂದ ಕೊನೆಯ ತನಕ ಟೇಬಲ್ ಮೇಲಿರಬೇಕು. ಉಳಿದ ರಸವನ್ನು ಅದರಲ್ಲಿ ಒರೆಸಿ ತಿನ್ನುವುದೂ ಮನೆಯೂಟದಲ್ಲಿ ಉಂಟು.

ಯೋಚಿಸಿದರೆ ನಮ್ಮ ಬಾಳೆಎಲೆ ಊಟಕ್ಕೂ ಕ್ರಮ ಉಂಟಲ್ಲವೇ? ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಸಾರು, ಸಾಂಬಾರು, ಪಾಯಸ, ಮಜ್ಜಿಗೆ. ಸಾರಿಗೆ ಮೊದಲು ಮಜ್ಜಿಗೆ ಬಡಿಸಿದರೆ ನಮಗೂ ಕಸಿವಿಸಿ. ಅವರ ಕಸಿವಿಸಿಯೂ ಅಂಥದ್ದೇ. ಇದು ತಲೆಗೆ ಹೊಳೆದ ಮೇಲೆ ನಮ್ಮ ಅರ್ಧ ಕಷ್ಟ ಕಳೆಯಿತು.

ಕಾಫಿ: ನಮ್ಮ ಬೀಜ, ಅವರ ಯಂತ್ರ

ಇಟಲಿಯಲ್ಲಿ ‘ಬಾರ್’ ಎಂದರೆ ಮದ್ಯದಂಗಡಿ ಮಾತ್ರವಲ್ಲ. ಮುಖ್ಯವಾಗಿ ಕಾಫಿ ಅಂಗಡಿ. ಬೆಳಿಗ್ಗೆ ಹೋಗಿ, ಕೌಂಟರಿನ ಮುಂದೆ ನಿಂತು, ಎರಡು ಗುಟುಕು ಕುಡಿದು ಹೊರಡುತ್ತಾರೆ. ಕೆಲವೆಡೆ ಮೊದಲು ಗಲ್ಲಾದಲ್ಲಿ ಹಣ ಕೊಟ್ಟು ಚೀಟಿ ತಂದು ಕೌಂಟರಿನಲ್ಲಿ ತೋರಿಸಬೇಕು. ನಮ್ಮ ಬೆಂಗಳೂರಿನ ದರ್ಶಿನಿಯ ಟೋಕನ್ ಪದ್ಧತಿಯೇ! ನಿಂತು ಕುಡಿದರೆ ಒಂದು ದರ, ಕೂತು ಕುಡಿದರೆ ಹೆಚ್ಚಿನ ದರ; ಪ್ರವಾಸಿಗರು ಸೇರುವ ದೊಡ್ಡ ಚೌಕಗಳಲ್ಲಿ ಹಲವು ಪಟ್ಟು ಹೆಚ್ಚು.

‘ಕಾಫೆ’ ಎಂದು ಕೇಳಿದರೆ ಬರುವುದು ಎಸ್ಪ್ರೆಸ್ಸೊ. ಸುಮಾರು 7 ಗ್ರಾಂ ಪುಡಿ, 25ರಿಂದ 30 ಸೆಕೆಂಡು, ಬರುವುದು 25-30 ಮಿಲಿ ಲೀಟರ್ ಡಿಕಾಕ್ಷನ್. ಹಬೆಯ ಒತ್ತಡದಿಂದ ಕಾಫಿ ತೆಗೆಯುವ ಯಂತ್ರಕ್ಕೆ ತುರಿನ್ ನಗರದ ಆಂಜೆಲೊ ಮೊರಿಯೊಂದೊ 1884ರಲ್ಲಿ ಪೇಟೆಂಟ್ ಪಡೆದರು. 1901ರಲ್ಲಿ ಮಿಲಾನಿನ ಲುಯಿಜಿ ಬೆತ್ಸೆರಾ ಅದನ್ನು ಒಂದೊಂದು ಕಪ್ ತೆಗೆಯುವಂತೆ ಸುಧಾರಿಸಿದರು. 1940ರ ದಶಕದ ಕೊನೆಗೆ ಬಂದ ಆಕಿಲೆ ಗಾಜ್ಜಾ ಅವರ ಯಂತ್ರದಿಂದ ಕಾಫಿಯ ಮೇಲೆ ಇಂದು ಕಾಣುವ ಹೊಂಬಣ್ಣದ ಕೆನೆ ಬಂತು. ಮನೆಗಳಲ್ಲಿ ಬಳಸುವುದು 1933ರಲ್ಲಿ ಬಂದ ಬಿಯಾಲೆತ್ತಿಯವರ ‘ಮೋಕಾ’ ಪಾತ್ರೆ.

ಎಲ್ಲಕ್ಕಿಂತ ಮುಖ್ಯ: ಊಟದ ನಂತರ ಹಾಲು ಕಾಫಿ ಕುಡಿಯುವುದಿಲ್ಲ. ಕಾಪುಚಿನೊ ಬೆಳಗಿನ ಹೊತ್ತಿಗೆ ಮಾತ್ರ. ಹೊಟ್ಟೆ ತುಂಬಿದ ಮೇಲೆ ಹಾಲು ಜೀರ್ಣವಾಗುವುದಿಲ್ಲ ಎಂಬುದು ಅವರ ನಂಬಿಕೆ. ಹಾಗೆಯೇ ನಮ್ಮವರು ಅಲ್ಲಿ ‘ಲಾತ್ತೆ’ ಎಂದು ಕೇಳಿದರೆ ಬರಿಯ ಹಾಲು ಬರುತ್ತದೆ. ಆ ಪದದ ಅರ್ಥವೇ ಹಾಲು.

ಇಟಲಿಯಲ್ಲಿ ಕಾಫಿ ಬೆಳೆಯ ತೋಟಗಳಿಲ್ಲ. ಬೀಜ ಹೊರಗಿನಿಂದ ಬರಬೇಕು. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಎಸ್ಪ್ರೆಸ್ಸೊಗೆ ಗಟ್ಟಿತನ ಮತ್ತು ಕೆನೆ ಕೊಡಲು ನಮ್ಮ ರೊಬಸ್ಟಾಕ್ಕೆ ಅಲ್ಲಿ ಬೇಡಿಕೆ. ಇದನ್ನು ಹೇಳಿ ಹಿರಿಯರಿಗೆ ಚಿಕೋರಿ ಇಲ್ಲದ ಗಟ್ಟಿ ಡಿಕಾಕ್ಷನ್ನನ್ನು ಸಣ್ಣ ಲೋಟದಲ್ಲಿ, ಹಾಲಿಲ್ಲದೆ, ಪಕ್ಕದಲ್ಲಿ ಸಕ್ಕರೆ ಇಟ್ಟು ಕೊಟ್ಟೆವು. ಮೂಸಿ ನೋಡಿ, ಕುಡಿದು, ‘ಮನೆಯ ಮೋಕಾ ಹಾಗಿದೆ’ ಎಂದರು. ಮೊದಲ ವಾರ ಆ ಟೇಬಲ್ಲಿನಲ್ಲಿ ನಾವು ಕೇಳದಿದ್ದ ಮಾತು ಅದು.

ಪಾಸ್ತಾ ಕೊಡಲೇಬೇಕೆಂದರೆ

ಒಣ ಪಾಸ್ತಾವನ್ನು ಡ್ಯೂರಂ ಗೋಧಿಯ ರವೆಯಿಂದಲೇ ಮಾಡಬೇಕೆಂದು ಇಟಲಿಯಲ್ಲಿ 1967ರಿಂದಲೂ ಕಾನೂನೇ ಹೇಳುತ್ತದೆ. ನಮ್ಮ ಉಪ್ಪಿಟ್ಟಿನ ಬನ್ಸಿ ರವೆಯೂ ಅದೇ ಜಾತಿಯ ಗೋಧಿಯದು. ಆದ್ದರಿಂದ ಅದರ ಗುಣ ನಮಗೆ ಹೊಸದಲ್ಲ. ಮೈದಾ ಪಾಸ್ತಾ ಅಗ್ಗವೆಂದು ತಂದರೆ ಬೇಯುವಾಗ ಅಂಟಾಗುತ್ತದೆ.

ಅಳತೆ ಸುಲಭ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನೀರು ಕುದಿ ಬಂದ ಮೇಲೆ ಹಾಕಬೇಕು. ನೀರಿಗೆ ಎಣ್ಣೆ ಬೇಡ. ಉದ್ದದ ಸ್ಪಗೆತ್ತಿಯನ್ನು ಮುರಿಯಬಾರದು. ಹಲ್ಲಿಗೆ ಸ್ವಲ್ಪ ಸಿಗುವಂತಿರುವಾಗಲೇ ಬಸಿಯಬೇಕು. ಇದಕ್ಕೆ ‘ಅಲ್ ದೆಂತೆ’ ಎನ್ನುತ್ತಾರೆ. ತಣ್ಣೀರಿನಲ್ಲಿ ತೊಳೆಯಬಾರದು. ಬಸಿದ ಬಿಸಿ ನೀರನ್ನು ಅರ್ಧ ಸೌಟು ಸೇರಿಸಿ, ಗೊಜ್ಜಿನ ಬಾಣಲೆಯಲ್ಲೇ ಒಂದು ನಿಮಿಷ ಆಡಿಸಿ ಕೂಡಲೇ ಬಡಿಸಬೇಕು. ಗೊಜ್ಜಿಗೆ ಟೊಮೆಟೊ, ಎಣ್ಣೆ, ಬೆಳ್ಳುಳ್ಳಿ, ಉಪ್ಪು ಸಾಕು. ಬಾಟಲಿಯ ಸಿಹಿ ಕೆಚಪ್ ಖಂಡಿತ ಬೇಡ.

ಶುದ್ಧ ಸಸ್ಯಾಹಾರಿ ಹೋಟೆಲಿನವರು ಎರಡು ವಿಷಯ ಗಮನಿಸಬೇಕು. ಕೆಲವು ಪಾಸ್ತಾಗಳಲ್ಲಿ ಮೊಟ್ಟೆ ಇರುತ್ತದೆ. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರಾಂತ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದಲೇ ಮಾಡಬೇಕೆಂಬ ನಿಯಮವಿದೆ, ಅದು ಸಸ್ಯಾಹಾರವಲ್ಲ. ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿಯೇ ತನ್ನಿ.

ಭಟ್ಟರ ಉಪಾಯ

ಇಷ್ಟೆಲ್ಲ ತಿಳಿದ ಮೇಲೆ ನಾವು ಭಟ್ಟರ ಬಳಿ ಹೋಗಿ, ‘ಭಟ್ರೇ, ತಪ್ಪು ನನ್ನದು’ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರ ಊಟ ನಾವು ಮಾಡುವುದು ಬೇಡ. ನಮ್ಮ ಊಟವನ್ನೇ ಅವರ ಕ್ರಮದಲ್ಲಿ ಕೊಡುವ’ ಎಂದರು. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಯಾವುದೆಂದರೆ ಇದೇ.

ಮರುದಿನದಿಂದ ಹೀಗೆ ಮಾಡಿದೆವು. ಮೊದಲು ಕೋಸಂಬರಿ ಮತ್ತು ಬ್ರೆಡ್ಡು. ಆಮೇಲೆ ಖಾರ ಕಡಿಮೆ ಮಾಡಿ, ತುಪ್ಪ ಹಾಕಿ, ಸ್ವಲ್ಪ ತೆಳ್ಳಗೆ ಮಾಡಿದ ಪೊಂಗಲ್ ಅಥವಾ ಬಿಸಿಬೇಳೆ ಬಾತ್. ಅದು ಮುಗಿದ ಮೇಲೆ ಪನ್ನೀರ್ ಹಾಕಿದ ದೋಸೆ ಅಥವಾ ನೀರುದೋಸೆ, ಬದಿಗೆ ಬೀನ್ಸ್ ಪಲ್ಯ. ನಂತರ ನಾಗಪುರದ ಕಿತ್ತಳೆ. ಕಡೆಗೆ ಡಿಕಾಕ್ಷನ್. ವೆರ್ಚೆಲ್ಲಿಯವರು ಪೊಂಗಲನ್ನು ರಿಸೊತ್ತೊದ ತಂಗಿ ಎಂದು ಕರೆದರು. ಯುಗಾದಿಯ ದಿನ ಬೇವು ಬೆಲ್ಲ ಕೊಟ್ಟು, ಎಲೆ ಹಾಕಿ ಹೋಳಿಗೆ ಊಟ ಬಡಿಸಿದೆವು. ನಮ್ಮ ಎಲೆಯ ಕ್ರಮವನ್ನು ನಾವು ವಿವರಿಸಿದಾಗ ಅವರು ಅಷ್ಟೇ ಗಮನವಿಟ್ಟು ಕೇಳಿದರು.

ಆಗ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ. ಆ ಶುಕ್ರವಾರಗಳಲ್ಲಿ ಕ್ಯಾಥೊಲಿಕರು ಮಾಂಸ ಬಿಡುತ್ತಾರೆ. ಹಿರಿಯರಿಗೆ ನಮ್ಮ ಸಸ್ಯಾಹಾರ ಅನುಕೂಲವೇ ಆಯಿತು. ಎಲ್ಲ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ನಾಪೊಲಿಯ ಹುಡುಗನಿಗೆ ನಮ್ಮ ಊಟ ಕಡೆಯ ತನಕ ಹಿಡಿಸಲಿಲ್ಲ. ಮಧ್ಯಾಹ್ನ ಇಡ್ಲಿ ತಿನ್ನುತ್ತಿದ್ದ, ರಾತ್ರಿ ಮೆಟ್ರೋದಲ್ಲಿ ನಗರಕ್ಕೆ ಹೋಗಿ ಬೇರೆ ಕಡೆ ಊಟ ಮಾಡುತ್ತಿದ್ದ. ಅವನ ರಾತ್ರಿಯ ಊಟದ ದುಡ್ಡನ್ನು ನಾವು ಬಿಲ್ಲಿಗೆ ಹಾಕಲಿಲ್ಲ. ಆದರೆ ಆರ್ಡರ್ ಮೇ ಕೊನೆಯ ತನಕ ನಡೆಯಿತು, ನಲವತ್ತು ಜನರ ಊಟವೂ ಉಳಿಯಿತು.

ಮಾತು, ಮರ್ಯಾದೆ

ಇಟಲಿಯವರಲ್ಲಿ ನಮ್ಮ ಹಾಗೆಯೇ ‘ನೀನು’ ಮತ್ತು ‘ನೀವು’ ಬೇರೆ. ಗುರುತಿಲ್ಲದವರಿಗೆ, ಹಿರಿಯರಿಗೆ ಗೌರವದ ‘ಲೇಯಿ’; ಗೆಳೆಯರಿಗೆ ‘ತೂ’. ‘ಚಾವ್’ ಎನ್ನುವುದು ಸಲಿಗೆಯವರಿಗೆ ಮಾತ್ರ. ಹೋಟೆಲಿನವರು ಹಗಲು ‘ಬೂಒನ್ ಜೋರ್ನೊ’, ಸಂಜೆ ‘ಬೂಒನಾ ಸೇರಾ’ ಎಂದರೆ ಚೆಂದ. ‘ಗ್ರಾತ್ಸಿಯೆ’ ಎಂದರೆ ಧನ್ಯವಾದ, ‘ಪ್ರೇಗೊ’ ಎಂದರೆ ಪರವಾಗಿಲ್ಲ, ದಯವಿಟ್ಟು ಬನ್ನಿ ಎಂಬೆಲ್ಲ ಅರ್ಥ. ‘ಬಾಸ್ತಾ’ ಎಂದರೆ ಸಾಕು. ಈ ಒಂದು ಪದ ಗೊತ್ತಿಲ್ಲದೆ ನಮ್ಮ ಸಪ್ಲೈಯರ್ ‘ಪಾಸ್ತಾ’ ಎಂದು ತಿಳಿದು ಒಳಗೆ ಓಡಿದ್ದುಂಟು.

ಅವರು ಕೈಯಲ್ಲೂ ಮಾತನಾಡುತ್ತಾರೆ. ಐದು ಬೆರಳ ತುದಿ ಕೂಡಿಸಿ ಮೇಲಕ್ಕೆ ಮಾಡಿ ಅಲ್ಲಾಡಿಸಿದರೆ ‘ಏನಿದು, ಏನು ಹೇಳುತ್ತಿದ್ದೀಯಾ’ ಎಂದರ್ಥ. ನಮ್ಮಲ್ಲಿ ಬೆರಳು ಕೂಡಿಸಿದರೆ ಊಟ. ಅವರಿಬ್ಬರು ವಾದ ಮಾಡುತ್ತಿದ್ದಾಗ ಹುಡುಗ ಇನ್ನೆರಡು ದೋಸೆ ತಂದಿಟ್ಟ!

ಟೇಬಲ್ಲಿನಲ್ಲಿ ಕೂತು ಮಾತನಾಡುವುದೂ ಅವರಿಗೆ ಊಟದ ಭಾಗ. ಕೇಳುವ ತನಕ ಬಿಲ್ಲು ತರಬಾರದು. ‘ಇಲ್ ಕೊಂತೊ’ ಎಂದಾಗ ತನ್ನಿ. ನಮ್ಮ ವ್ಯಾಪಾರಕ್ಕೆ ಟೇಬಲ್ ಬೇಗ ಖಾಲಿಯಾಗಬೇಕು, ನಿಜ. ಅದಕ್ಕೆ ನಾವು ಮೂಲೆಯ ಒಂದು ಟೇಬಲ್ಲನ್ನು ಅವರಿಗೇ ಗೊತ್ತು ಮಾಡಿದೆವು.

ನಮ್ಮವರು ಅಲ್ಲಿಗೆ ಹೋಗುವಾಗ

ಮಿಲಾನಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಹೋಸ್ಟ್ ಮೇಳ, ರಿಮಿನಿಯಲ್ಲಿ ಜನವರಿಯಲ್ಲಿ ನಡೆಯುವ ಐಸ್‌ಕ್ರೀಂ ಮತ್ತು ಕಾಫಿಯ ಸಿಜೆಪ್ ಮೇಳ ನಮ್ಮ ಉದ್ಯಮಕ್ಕೆ ಸಂಬಂಧಿಸಿದವು. ಹೋಗುವ ಸದಸ್ಯರಿಗೆ ಕೆಲವು ಸೂಚನೆಗಳು:

1. ಸಸ್ಯಾಹಾರಿಗಳು ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಅಂದರೆ ಮಾಂಸವಿಲ್ಲದೆ, ಮೀನಿಲ್ಲದೆ ಎಂದು ಎರಡನ್ನೂ ಹೇಳಬೇಕು. ತರಕಾರಿ ಸೂಪಿನ ನೀರು ಮಾಂಸದ್ದಾಗಿರಬಹುದು. ಟೊಮೆಟೊ ಗೊಜ್ಜಿನಲ್ಲಿ ಸಣ್ಣ ಮೀನು, ರೊಟ್ಟಿಯಲ್ಲಿ ಹಂದಿ ಕೊಬ್ಬು ಇರುವುದುಂಟು. ‘ಪೆಪೆರೋನಿ’ ಎಂದರೆ ಮಾತ್ರ ಹೆದರಬೇಡಿ. ಅಲ್ಲಿ ಅದು ದೊಣ್ಣೆಮೆಣಸು.

2. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಇಷ್ಟು ಎಂದು ಬಂದರೆ ಅದು ಬ್ರೆಡ್ಡು ಮತ್ತು ಟೇಬಲ್ಲಿನ ಶುಲ್ಕ, ಮೋಸವಲ್ಲ. ದರಪಟ್ಟಿಯಲ್ಲಿ ಬರೆದಿರಬೇಕು. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರಲ್ಲಿ ಇದನ್ನು ನಿಷೇಧಿಸಿದೆ. ಟಿಪ್ಸ್ ಕಡ್ಡಾಯವಲ್ಲ. ನಮ್ಮಲ್ಲಿಯೂ ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂಬ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ ಎಂಬುದು ನೆನಪಿರಲಿ.

3. ಚರ್ಚುಗಳಿಗೆ ಹೋಗುವಾಗ ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು. ನಮ್ಮ ದೇವಸ್ಥಾನಗಳ ಹಾಗೆ.

4. ಆಗಸ್ಟ್ ತಿಂಗಳಲ್ಲಿ ವ್ಯಾಪಾರದ ಮಾತಿಗೆ ಹೋಗಬೇಡಿ. ಆಗಸ್ಟ್ 15 ಅವರಿಗೆ ‘ಫೆರಾಗೋಸ್ತೊ’ ಹಬ್ಬ. ಅದರ ಆಸುಪಾಸಿನಲ್ಲಿ ಕಾರ್ಖಾನೆಗಳೂ ಅಂಗಡಿಗಳೂ ಮುಚ್ಚಿ ಜನ ಕಡಲ ತೀರಕ್ಕೆ ಹೋಗುತ್ತಾರೆ. ಯಂತ್ರದ ಬಿಡಿಭಾಗ ಬೇಕಿದ್ದರೂ ಜುಲೈಯಲ್ಲೇ ಹೇಳಿಡಿ.

5. ಮಧ್ಯಾಹ್ನ ಮೂರು ಗಂಟೆಗೆ ಊಟ ಸಿಗುವುದೆಂದು ನಂಬಿ ಹಸಿದಿರಬೇಡಿ.

ಕೊನೆಯ ಮಾತು

ಹೊರಡುವ ಹಿಂದಿನ ದಿನ ಹಿರಿಯರು ಅಡುಗೆಮನೆಯೊಳಗೆ ಬರಲು ಅನುಮತಿ ಕೇಳಿದರು. ಚಪ್ಪಲಿ ಹೊರಗೆ ಬಿಟ್ಟು ಬಂದು, ಭಟ್ಟರು ದೋಸೆ ಹೊಯ್ಯುವುದನ್ನು ಹದಿನೈದು ನಿಮಿಷ ನಿಂತು ನೋಡಿದರು. ಆಮೇಲೆ ಭಟ್ಟರ ಕೈ ಹಿಡಿದು ಅವರ ಭಾಷೆಯಲ್ಲಿ ಏನೋ ಹೇಳಿದರು. ನಮಗೆ ಅರ್ಥವಾಗಲಿಲ್ಲ, ಭಟ್ಟರಿಗೂ ಆಗಲಿಲ್ಲ. ಆದರೆ ಅಂದು ಭಟ್ಟರು ರಾತ್ರಿ ಹನ್ನೊಂದರವರೆಗೆ ಹಾಡು ಗುನುಗುತ್ತಿದ್ದರು.

ಸದಸ್ಯ ಬಾಂಧವರೇ, ಹೊರದೇಶದ ಗಿರಾಕಿ ಬಂದರೆ ಅವರ ಊರಿನ ಅಡುಗೆಯನ್ನು ಅರೆಬರೆ ಮಾಡಲು ಹೋಗಬೇಡಿ. ಅವರ ಹೊತ್ತು, ಅವರ ಕ್ರಮ, ಅವರು ಬಿಡುವ ಪದಾರ್ಥ, ಇವಿಷ್ಟನ್ನು ಮೊದಲ ದಿನವೇ ಕೂತು ಕೇಳಿ. ಆಮೇಲೆ ನಮಗೆ ಚೆನ್ನಾಗಿ ಬರುವುದನ್ನೇ ಆ ಕ್ರಮದಲ್ಲಿ ಬಡಿಸಿ. ಕೇಳುವುದರಿಂದ ನಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ. ನಾವು ಆರು ದಿನ ತಡಮಾಡಿ ಕೇಳಿದೆವು. ನೀವು ಮೊದಲ ದಿನವೇ ಕೇಳಿ.